ಕನ್ನಡ ಧ್ವನಿಮುದ್ರಣಗಳಲ್ಲಿ ಮೊನೊ ಮತ್ತು ಸ್ಟೀರಿಯೊ

ಮೊನೊ ಮತ್ತು ಸ್ಟೀರಿಯೊ ಎಂಬವು ಧ್ವನಿಯನ್ನು ಮುದ್ರಿಸುವ ಹಾಗೂ ಮರಳಿ ಕೇಳಿಸುವ ಎರಡು ವಿಧಾನಗಳು. ಕನ್ನಡದ ಗ್ರಾಮಫೋನ್ ತಟ್ಟೆಗಳು, ಆಕಾಶವಾಣಿಯ ಕಾರ್ಯಕ್ರಮಗಳು, ಚಲನಚಿತ್ರ ಗೀತೆಗಳು, ಭಾವಗೀತೆಗಳ ಧ್ವನಿಸುರುಳಿಗಳು ಮತ್ತು ಕರಾವಳಿಯ ಯಕ್ಷಗಾನ ಮುದ್ರಣಗಳು ಬೇರೆ ಬೇರೆ ಕಾಲದಲ್ಲಿ ಈ ಎರಡು ವಿಧಾನಗಳನ್ನು ಬಳಸಿಕೊಂಡಿವೆ. ಸಂಗೀತಗಾರರು ಇವುಗಳಲ್ಲಿ ಯಾವುದನ್ನು ಮೆಚ್ಚುತ್ತಿದ್ದರು ಎಂಬ ಪ್ರಶ್ನೆ ಪಾಶ್ಚಾತ್ಯ ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಬಹಳ ಚರ್ಚೆಗೆ ಒಳಗಾಗಿದೆ. ಕನ್ನಡದಲ್ಲಿ ಈ ಪ್ರಶ್ನೆ ಹೆಚ್ಚು ಮುಖ್ಯವಾಗುವುದು ಉಡುಪಿ ಪರಿಸರದ ಯಕ್ಷಗಾನ ಹಿಮ್ಮೇಳದ ವಿಷಯದಲ್ಲಿ. ಅಲ್ಲಿ ಒಬ್ಬನ ಕಂಠ, ಸೌಮ್ಯವಾದ ಮದ್ದಳೆ ಮತ್ತು ಬಯಲನ್ನೇ ತುಂಬುವ ಚೆಂಡೆ ಒಂದೇ ಕಡೆ ಸೇರುತ್ತವೆ. ಇವುಗಳ ಸಮತೋಲವನ್ನು ಒಂದು ಚಾನೆಲ್‌ನಲ್ಲಿ ಹಿಡಿಯುವುದು ಒಂದು ಬಗೆಯ ಕೆಲಸ, ಎರಡರಲ್ಲಿ ಹಿಡಿಯುವುದು ಇನ್ನೊಂದು ಬಗೆಯ ಕೆಲಸ.

ಪರಿಕಲ್ಪನೆ

ಮೊನೊ ಮುದ್ರಣದಲ್ಲಿ ಎಲ್ಲ ಧ್ವನಿಗಳೂ ಒಂದೇ ಚಾನೆಲ್‌ಗೆ ಸೇರುತ್ತವೆ. ಧ್ವನಿವರ್ಧಕಗಳು ಎಷ್ಟಿದ್ದರೂ ಎಲ್ಲದರಿಂದ ಹೊರಡುವುದು ಒಂದೇ ಧ್ವನಿ. ಇಲ್ಲಿ ಕೇಳುಗನಿಗೆ ದೂರ ಮತ್ತು ಹತ್ತಿರಗಳ ಅನುಭವ ದೊರೆಯುತ್ತದೆ, ಎಡ ಮತ್ತು ಬಲಗಳ ಅನುಭವ ದೊರೆಯುವುದಿಲ್ಲ. ಸ್ಟೀರಿಯೊದಲ್ಲಿ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಚಾನೆಲ್‌ಗಳಿರುತ್ತವೆ. ಒಂದು ವಾದ್ಯದ ಧ್ವನಿ ಎರಡರಲ್ಲೂ ಸಮನಾಗಿದ್ದರೆ ಅದು ನಡುವಿನಿಂದ ಬಂದಂತೆ ಕೇಳಿಸುತ್ತದೆ. ಒಂದರಲ್ಲಿ ಹೆಚ್ಚು ಗಟ್ಟಿಯಾಗಿದ್ದರೆ ಅಥವಾ ತುಸು ಮೊದಲು ತಲುಪಿದರೆ ಆ ಕಡೆಗೆ ಸರಿದಂತೆ ಕೇಳಿಸುತ್ತದೆ.

ಮನುಷ್ಯನ ಎರಡು ಕಿವಿಗಳಿಗೆ ಒಂದೇ ಧ್ವನಿ ತಲುಪುವುದರಲ್ಲಿ ಇರಬಹುದಾದ ಗರಿಷ್ಠ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಎರಡು ಧ್ವನಿಗಳು ಬೇರೆ ಬೇರೆ ದಿಕ್ಕಿನಿಂದ ಬಂದಾಗ ಒಂದು ಇನ್ನೊಂದನ್ನು ಮುಚ್ಚಿಹಾಕುವುದೂ ಕಡಿಮೆಯಾಗುತ್ತದೆ. ಜಾತ್ರೆಯ ಗದ್ದಲದ ನಡುವೆಯೂ ಪಕ್ಕದಲ್ಲಿರುವವರ ಮಾತು ತಿಳಿಯುವುದು ಬಹುಮಟ್ಟಿಗೆ ಇದರಿಂದಲೇ. ಸ್ಟೀರಿಯೊದ ನಿಜವಾದ ಪ್ರಯೋಜನ ಇದು. ವಾದ್ಯಗಳನ್ನು ಎಡಬಲಕ್ಕೆ ಓಡಿಸುವ ಚಮತ್ಕಾರಕ್ಕೆ ಇದಕ್ಕೆ ಹೋಲಿಸಿದರೆ ಬೆಲೆ ಕಡಿಮೆ.

ಮಿಶ್ರಣ ಎಂದರೆ ಬೇರೆ ಬೇರೆಯಾಗಿ ಹಿಡಿದ ಧ್ವನಿಗಳ ಗಟ್ಟಿತನ, ಸ್ವರೂಪ ಮತ್ತು ಸ್ಥಾನವನ್ನು ನಿರ್ಧರಿಸಿ ಅಂತಿಮ ಪ್ರತಿಯನ್ನು ಸಿದ್ಧಪಡಿಸುವ ಕೆಲಸ. ಒಂದೇ ಗಾಯನಕ್ಕೆ ಮೊನೊ ಮಿಶ್ರಣವನ್ನೂ ಸ್ಟೀರಿಯೊ ಮಿಶ್ರಣವನ್ನೂ ಪ್ರತ್ಯೇಕವಾಗಿ ಮಾಡಬಹುದು. ಹಾಗೆ ಮಾಡಿದಾಗ ಅವೆರಡೂ ಒಂದೇ ಕೃತಿಯ ಎರಡು ಪಾಠಾಂತರಗಳಂತಾಗುತ್ತವೆ.

ಜಾಗತಿಕ ಹಿನ್ನೆಲೆ

ಎರಡು ಚಾನೆಲ್‌ಗಳ ಧ್ವನಿಮುದ್ರಣದ ಮೂಲತತ್ತ್ವಗಳನ್ನು ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರ್ ಆಲನ್ ಬ್ಲಮ್‌ಲೀನ್ 1931ರ ಡಿಸೆಂಬರ್‌ನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ವಿವರಿಸಿದನು. ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಧ್ವನಿಗಳನ್ನು ಕೊರೆಯುವ ಉಪಾಯವೂ ಅದರಲ್ಲಿತ್ತು. ಆದರೆ ಸ್ಟೀರಿಯೊ ತಟ್ಟೆಗಳು ವ್ಯಾಪಕವಾಗಿ ಮಾರುಕಟ್ಟೆಗೆ ಬಂದದ್ದು 1958ರಿಂದ ಈಚೆಗೆ. ಮುಂದಿನ ಹತ್ತು ವರ್ಷ ಮೊನೊ ಮತ್ತು ಸ್ಟೀರಿಯೊ ತಟ್ಟೆಗಳು ಜೊತೆಜೊತೆಯಾಗಿಯೇ ಮಾರಾಟವಾದವು. ಸಂಗೀತಗಾರರ ಒಲವಿನ ಪ್ರಶ್ನೆ ಹುಟ್ಟಿಕೊಂಡದ್ದು ಈ ಹತ್ತು ವರ್ಷಗಳಲ್ಲಿ.

ಬೀಟಲ್ಸ್ ತಂಡದ ಉದಾಹರಣೆ ಪ್ರಸಿದ್ಧವಾದುದು. 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಸಂಪುಟದ ಮೊನೊ ಮಿಶ್ರಣಕ್ಕೆ ತಂಡದವರು ತಾವೇ ಕುಳಿತು ಬಹಳ ಸಮಯ ವ್ಯಯಿಸಿದರು. ಸ್ಟೀರಿಯೊ ಮಿಶ್ರಣವನ್ನು ನಿರ್ಮಾಪಕರು ಮತ್ತು ತಂತ್ರಜ್ಞರು ಕೆಲವೇ ದಿನಗಳಲ್ಲಿ ಮುಗಿಸಿದರು. ಎರಡರ ನಡುವೆ ವೇಗ ಮತ್ತು ಶ್ರುತಿಯ ವ್ಯತ್ಯಾಸಗಳೂ ಉಳಿದವು. ಆ ಸಂಪುಟದ 'ಷೀ ಈಸ್ ಲೀವಿಂಗ್ ಹೋಮ್' ಗೀತೆ ಮೊನೊದಲ್ಲಿ ಸ್ಟೀರಿಯೊಗಿಂತ ತುಸು ವೇಗವಾಗಿಯೂ ಏರಿದ ಶ್ರುತಿಯಲ್ಲಿಯೂ ಇದೆ. 1969ರ 'ಆ್ಯಬಿ ರೋಡ್' ಹೊತ್ತಿಗೆ ಅವರು ಪೂರ್ತಿಯಾಗಿ ಸ್ಟೀರಿಯೊಗೆ ಬದಲಾಗಿದ್ದರು. ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್‌ಗೆ ಬಲಗಿವಿ ಬಹುತೇಕ ಕೇಳಿಸುತ್ತಿರಲಿಲ್ಲ. 1966ರ 'ಪೆಟ್ ಸೌಂಡ್ಸ್' ಮೊನೊದಲ್ಲಿಯೇ ರೂಪುಗೊಂಡಿತು, ಅದರ ಸ್ಟೀರಿಯೊ ಮಿಶ್ರಣ ಹೊರಬಂದದ್ದು 1997ರಲ್ಲಿ. ಇದಕ್ಕೆ ವಿರುದ್ಧವಾಗಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಸ್ಟೀರಿಯೊವನ್ನೇ ಒಂದು ವಾದ್ಯದಂತೆ ಬಳಸಿದನು. ಹೀಗಾಗಿ ಆ ಕಾಲದ ಸಂಗೀತಗಾರರೆಲ್ಲ ಮೊನೊಪ್ರಿಯರಾಗಿದ್ದರು ಎಂಬ ಮಾತು ಪೂರ್ತಿ ಸರಿಯಲ್ಲ. ತಮ್ಮ ಕೇಳುಗರ ಮನೆಯಲ್ಲಿ ಯಾವ ಯಂತ್ರವಿದೆಯೋ ಅದಕ್ಕೆ ಬೇಕಾದ ಮಿಶ್ರಣದ ಮೇಲೆ ಅವರ ಗಮನವಿತ್ತು ಎನ್ನುವುದು ಹೆಚ್ಚು ಸರಿಯಾದೀತು. ಇದೇ ಮಾತು ಕರ್ನಾಟಕಕ್ಕೂ ಅನ್ವಯಿಸುತ್ತದೆ.

ಗ್ರಾಮಫೋನ್ ತಟ್ಟೆಗಳ ಕಾಲ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ನಡೆಸಿದ ಮುದ್ರಣಗಳಿಂದ ಆರಂಭವಾಯಿತು. ವಿದ್ಯುತ್ ಮೈಕ್ರೊಫೋನ್ ಬರುವವರೆಗೆ, ಅಂದರೆ 1920ರ ದಶಕದ ನಡುವಿನವರೆಗೆ, ಗಾಯಕರು ಲೋಹದ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿತ್ತು. ಗಟ್ಟಿ ವಾದ್ಯದವರು ಹಿಂದೆ ಸರಿಯುತ್ತಿದ್ದರು, ಮೆಲುದನಿಯವರು ಮುಂದೆ ಬರುತ್ತಿದ್ದರು. ಆ ಕಾಲಕ್ಕೆ ಮಿಶ್ರಣವೆಂದರೆ ಇಷ್ಟೆ: ಯಾರು ಎಷ್ಟು ದೂರ ಕುಳಿತುಕೊಳ್ಳಬೇಕು ಎಂಬ ನಿರ್ಧಾರ.

78 ಸುತ್ತಿನ ತಟ್ಟೆಗಳೆಲ್ಲ ಮೊನೊ. ಒಂದು ಬದಿಯಲ್ಲಿ ಸುಮಾರು ಮೂರರಿಂದ ನಾಲ್ಕು ನಿಮಿಷ ಮಾತ್ರ ಹಿಡಿಸುತ್ತಿದ್ದುದರಿಂದ ರಾಗವಿಸ್ತಾರವನ್ನು ಸಂಕ್ಷೇಪಿಸಿಕೊಳ್ಳುವುದು ಕಲಾವಿದರ ಮುಂದಿದ್ದ ದೊಡ್ಡ ಸಮಸ್ಯೆಯಾಗಿತ್ತು. ಗಂಗೂಬಾಯಿ ಹಾನಗಲ್ ಅವರು 'ಗಾಂಧಾರಿ' ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಹಾಡಿದ ತಟ್ಟೆಗಳು ಈ ಕಾಲಕ್ಕೆ ಸೇರಿದವು. ಕಂಠ ಮುಂದೆ, ಪಕ್ಕವಾದ್ಯ ಹಿಂದೆ ಎಂಬ ಅಂದಿನ ಕ್ರಮ ಕೇಳುಗರ ಕಿವಿಯಲ್ಲಿ ನೆಲೆಯೂರಿತು. ಮುಂದೆ ಬಂದ ಭಾವಗೀತೆ ಮತ್ತು ಚಿತ್ರಗೀತೆಗಳಲ್ಲಿ ಸಾಹಿತ್ಯಕ್ಕೆ ದೊರೆತ ಅಗ್ರಸ್ಥಾನಕ್ಕೆ ಈ ರೂಢಿಯೂ ಒಂದು ಕಾರಣವೆನ್ನಬಹುದು.

ದೀರ್ಘಾವಧಿಯ ತಟ್ಟೆಗಳು ಬಂದ ಮೇಲೆ ಗ್ರಾಮಫೋನ್ ಕಂಪನಿಯು ಮೊನೊ ಮತ್ತು ಸ್ಟೀರಿಯೊ ತಟ್ಟೆಗಳಿಗೆ ಬೇರೆ ಬೇರೆ ಅಕ್ಷರಸಂಕೇತಗಳನ್ನು ಬಳಸಿತು. ಎಚ್‌ಎಂವಿ ಮುದ್ರೆಯ ಹಳೆಯ ತಟ್ಟೆಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದು ಆರಂಭವಾಗುವ ಸಂಖ್ಯೆಗಳು ಮೊನೊವನ್ನೂ ಇಎಎಸ್‌ಡಿ, ಇಸಿಎಸ್‌ಡಿ ಎಂದು ಆರಂಭವಾಗುವವು ಸ್ಟೀರಿಯೊವನ್ನೂ ಸೂಚಿಸುತ್ತವೆ. ಹಳೆಯ ತಟ್ಟೆಗಳನ್ನು ಸಂಗ್ರಹಿಸುವವರಿಗೆ ಇದು ಉಪಯುಕ್ತವಾದ ಗುರುತು. ಶಾಸ್ತ್ರೀಯ ಸಂಗೀತದ ಸ್ಟೀರಿಯೊ ತಟ್ಟೆಗಳಲ್ಲಿ ಕಛೇರಿಯ ಆಸನಕ್ರಮವನ್ನೇ ಅನುಸರಿಸಿ ಗಾಯಕನನ್ನು ನಡುವೆ ಇಟ್ಟು, ತಬಲಾ ಮತ್ತು ಹಾರ್ಮೋನಿಯಂ ಅಥವಾ ಪಿಟೀಲು ಮತ್ತು ಮೃದಂಗಗಳನ್ನು ಇಕ್ಕೆಲಗಳಿಗೆ ಹಂಚುವ ಪದ್ಧತಿ ಬೆಳೆಯಿತು. ತಂಬೂರಿಯ ನಾದ ಎರಡೂ ಕಡೆ ಹರಡಿಕೊಂಡು ಗಾಯನಕ್ಕೆ ಆವರಣ ಕಟ್ಟುವುದು ಸ್ಟೀರಿಯೊದಿಂದ ಶಾಸ್ತ್ರೀಯ ಗಾಯನಕ್ಕಾದ ಮುಖ್ಯ ಲಾಭ.

ಮೊನೊ ಯಂತ್ರವಿದ್ದ ಮನೆಗಳಲ್ಲಿ ಸ್ಟೀರಿಯೊ ತಟ್ಟೆ ಕೊಳ್ಳಲು ಹಿಂಜರಿಕೆಯಿತ್ತು. ಮೊನೊ ಗೀರಿನಲ್ಲಿ ಸೂಜಿ ಅಡ್ಡಡ್ಡಲಾಗಿ ಮಾತ್ರ ಅಲುಗುತ್ತದೆ; ಸ್ಟೀರಿಯೊ ಗೀರಿನಲ್ಲಿ ಮೇಲೆ ಕೆಳಗೂ ಚಲಿಸಬೇಕು. ಹಾಗೆ ಚಲಿಸದ ಹಳೆಯ ಸೂಜಿ ಸ್ಟೀರಿಯೊ ಗೀರನ್ನು ಸವೆಸಿ ಹಾಳುಮಾಡುತ್ತಿತ್ತು.

ಆಕಾಶವಾಣಿ

ಕನ್ನಡಿಗರಲ್ಲಿ ಹೆಚ್ಚಿನವರು ಸಂಗೀತವನ್ನು ಮೊದಲು ಕೇಳಿದ್ದು ರೇಡಿಯೊದಲ್ಲಿ. ಮಧ್ಯಮ ತರಂಗದ ಪ್ರಸಾರವು ಮೊನೊ. ಜೊತೆಗೆ ತಾರಸ್ಥಾಯಿಯ ಸೂಕ್ಷ್ಮಗಳೂ ಅದರಲ್ಲಿ ಬಹಳಷ್ಟು ಕಡಿದುಹೋಗುತ್ತವೆ. ಮಂಗಳೂರು ಆಕಾಶವಾಣಿ ನಿಲಯ 1976ರ ಡಿಸೆಂಬರ್ 11ರಂದು ಆರಂಭವಾಯಿತು. ಉಡುಪಿ ಪರಿಸರದಿಂದ 1089 ಕಿಲೋಹರ್ಟ್ಸ್‌ನಲ್ಲಿ ಹೊರಡುವ ಅದರ ಪ್ರಸಾರ ಎರಡು ತಲೆಮಾರಿನ ಕೇಳುಗರಿಗೆ ಯಕ್ಷಗಾನ, ತುಳು ಪಾಡ್ದನ ಮತ್ತು ದಾಸರ ಪದಗಳನ್ನು ತಲುಪಿಸಿತು. ಇಂಥ ಪ್ರಸಾರಕ್ಕೆ ಹಾಡುವವರಿಗೆ ಸ್ಪಷ್ಟವಾದ ಉಚ್ಚಾರ ಮತ್ತು ಹಿತಮಿತವಾದ ಪಕ್ಕವಾದ್ಯ ಅಗತ್ಯವಾಗಿದ್ದವು. ಸಣ್ಣ ಟ್ರಾನ್ಸಿಸ್ಟರ್‌ನಲ್ಲಿ ಕೇಳಿದಾಗಲೂ ಪದ ತಿಳಿಯಬೇಕೆಂಬುದೇ ಅಳತೆಗೋಲಾಗಿತ್ತು. ದೇಶದಲ್ಲಿ ಎಫ್‌ಎಂ ಪ್ರಸಾರ 1977ರಲ್ಲಿ ಮದ್ರಾಸಿನಲ್ಲಿ ಮೊದಲಾಯಿತಾದರೂ ಸ್ಟೀರಿಯೊ ಪ್ರಸಾರ ಜನಸಾಮಾನ್ಯರ ಅನುಭವಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಚಲನಚಿತ್ರ ಗೀತೆಗಳು

ಜಿ. ಕೆ. ವೆಂಕಟೇಶ್, ಟಿ. ಜಿ. ಲಿಂಗಪ್ಪ, ವಿಜಯಭಾಸ್ಕರ್, ಎಂ. ರಂಗರಾವ್, ರಾಜನ್-ನಾಗೇಂದ್ರ ಮೊದಲಾದವರ ಕಾಲದಲ್ಲಿ ಕನ್ನಡ ಚಿತ್ರಗೀತೆಗಳ ಮುದ್ರಣ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ನಡೆಯುತ್ತಿತ್ತು. ಗಾಯಕರು ಮತ್ತು ವಾದ್ಯವೃಂದದವರು ಒಟ್ಟಿಗೆ ಸೇರಿ ಹಾಡಿ ನುಡಿಸುವಾಗಲೇ ಸಮತೋಲವನ್ನು ನಿಗದಿಪಡಿಸಲಾಗುತ್ತಿತ್ತು. ಚಿತ್ರಮಂದಿರದ ಮೂವತ್ತೈದು ಮಿಲಿಮೀಟರ್ ಸುರುಳಿಯ ಧ್ವನಿಪಟ್ಟಿ ಮೊನೊ ಆಗಿದ್ದುದರಿಂದ ಬೇರೆ ಬಗೆಯ ಮಿಶ್ರಣಕ್ಕೆ ಕಾರಣವೇ ಇರಲಿಲ್ಲ. ಆದುದರಿಂದ ಈ ಗೀತೆಗಳ ಮೊನೊ ಪ್ರತಿಗಳೇ ಮೂಲಕೃತಿಗಳು. ಇಂದು ಇವುಗಳ ಸ್ಟೀರಿಯೊ ರೂಪವೆಂದು ದೊರೆಯುವುದನ್ನು ಎಚ್ಚರದಿಂದ ನೋಡಬೇಕಾಗುತ್ತದೆ.

ಬದಲಾವಣೆ 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡಿತು. ತಮಿಳು ಮತ್ತು ಕನ್ನಡ ಎರಡರಲ್ಲೂ ತಯಾರಾದ 'ಪ್ರಿಯಾ' ಚಿತ್ರಕ್ಕೆ ಇಳಯರಾಜ ಅವರು ಸಂಯೋಜಿಸಿದ ಗೀತೆಗಳನ್ನು ಸ್ಟೀರಿಯೊದಲ್ಲಿ ಮುದ್ರಿಸಲಾಯಿತು. ದಕ್ಷಿಣದ ಚಿತ್ರಸಂಗೀತದಲ್ಲಿ ಇದು ಆರಂಭದ ಪ್ರಯತ್ನಗಳಲ್ಲೊಂದು. ಶಂಕರ್ ನಾಗ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಸಂಕೇತ್ ಸ್ಟುಡಿಯೊ ಕನ್ನಡದ ಮುದ್ರಣಕಾರ್ಯವನ್ನು ರಾಜ್ಯದೊಳಗೆ ತರಲು ನೆರವಾಯಿತು. ಹಂಸಲೇಖ ಅವರ ಸಂಗೀತವಿದ್ದ 'ಪ್ರೇಮಲೋಕ'ದ (1987) ಕಾಲಕ್ಕೆ ಚಿತ್ರಗೀತೆಯನ್ನು ಜನ ಮೊದಲು ಕೇಳುತ್ತಿದ್ದುದು ಧ್ವನಿಸುರುಳಿಯಲ್ಲಿ. ಚಿತ್ರಮಂದಿರ ಆಮೇಲಿನ ಮಾತು.

ಭಾವಗೀತೆ ಮತ್ತು ಧ್ವನಿಸುರುಳಿ

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟಿನ ಒಳಗಿರುವ ಪಟ್ಟಿಯ ಅಗಲ 3.81 ಮಿಲಿಮೀಟರ್, ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಇದರ ರಚನೆಯಲ್ಲಿ ಒಂದು ಜಾಣ್ಮೆಯಿದೆ. ಒಂದು ಬದಿಯ ಎಡ ಮತ್ತು ಬಲ ಚಾನೆಲ್‌ಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ಮೊನೊ ಟೇಪ್ ರೆಕಾರ್ಡರಿನ ಹೆಡ್ ಎರಡನ್ನೂ ಒಟ್ಟಿಗೆ ಓದಿಬಿಡುತ್ತದೆ. ಅಂಗಡಿಯಿಂದ ತಂದ ಸ್ಟೀರಿಯೊ ಕ್ಯಾಸೆಟ್ಟು ಒಂದೇ ಸ್ಪೀಕರಿನ ಅಗ್ಗದ ಯಂತ್ರದಲ್ಲೂ ತೊಡಕಿಲ್ಲದೆ ಹಾಡುತ್ತಿತ್ತು. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಕೊಳ್ಳುವವನು ಎದುರಿಸುತ್ತಿದ್ದ 'ಮೊನೊ ಕೊಳ್ಳಲೋ ಸ್ಟೀರಿಯೊ ಕೊಳ್ಳಲೋ' ಎಂಬ ಪ್ರಶ್ನೆ ಇದರಿಂದ ಸದ್ದಿಲ್ಲದೆ ಮರೆಯಾಯಿತು.

ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಅದು ಹೆಸರಾಗಿದೆ. ಸಿ. ಅಶ್ವಥ್ ಅವರು 'ಮೈಸೂರು ಮಲ್ಲಿಗೆ' ಹಾಗೂ ಶಿಶುನಾಳ ಶರೀಫರ ಪದಗಳನ್ನು ಧ್ವನಿಸುರುಳಿಗೆ ತಂದರು. ಸಂಗೀತಾ, ಲಹರಿ ಮೊದಲಾದ ಬೆಂಗಳೂರಿನ ಸಂಸ್ಥೆಗಳು ಈ ಮಾರುಕಟ್ಟೆಯನ್ನು ಬೆಳೆಸಿದವು. ಭಾವಗೀತೆಯ ಮಿಶ್ರಣದಲ್ಲಿ ಮೊನೊ ಕಾಲದ ಶಿಸ್ತು ಮುಂದುವರಿಯಿತು. ಗಾಯಕನ ಧ್ವನಿ ಅಚ್ಚ ನಡುವೆ, ಎಲ್ಲಕ್ಕಿಂತ ಮುಂದೆ; ಕೊಳಲು, ಸಿತಾರ್, ಪಿಟೀಲುಗಳು ಮಾತ್ರ ಇಕ್ಕೆಲಗಳಲ್ಲಿ. ಕವಿತೆಯ ಒಂದು ಶಬ್ದ ಕಳೆದುಹೋದರೂ ಭಾವಗೀತೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆದುದರಿಂದ ಈ ಪ್ರಕಾರದಲ್ಲಿ ಸ್ಟೀರಿಯೊ ಮಿಶ್ರಣವನ್ನು ಒಂದೇ ಚಾನೆಲ್‌ಗೆ ಇಳಿಸಿದರೂ ಹೆಚ್ಚಿನ ನಷ್ಟವಾಗುವುದಿಲ್ಲ.

ಯಕ್ಷಗಾನ ಮುದ್ರಣಗಳು

ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರ ಹಾಡು, ತಾಳ ಅಥವಾ ಜಾಗಟೆ, ಮದ್ದಳೆ, ಚೆಂಡೆ ಮತ್ತು ಶ್ರುತಿ ಇರುತ್ತವೆ. ಇವರೆಲ್ಲರೂ ರಂಗಸ್ಥಳದ ಹಿಂಭಾಗದಲ್ಲಿ ಕೆಲವೇ ಅಡಿಗಳ ಅಂತರದಲ್ಲಿ ಇರುತ್ತಾರೆ. ಬಯಲಿನಲ್ಲಿ ಕುಳಿತ ಪ್ರೇಕ್ಷಕನಿಗೆ ಇದು ಒಂದೇ ದಿಕ್ಕಿನಿಂದ ಬರುವ ಧ್ವನಿಸಮೂಹ. ಮೈಕು ಬಂದ ಮೇಲಂತೂ ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರುಗಳಿಂದ ಎಲ್ಲವೂ ಒಂದಾಗಿ ಹೊರಡತೊಡಗಿತು. ಈ ದೃಷ್ಟಿಯಿಂದ ಯಕ್ಷಗಾನವನ್ನು ಮೊನೊದಲ್ಲಿ ಮುದ್ರಿಸುವುದು ಸಹಜವೆಂದು ತೋರುತ್ತದೆ. ಎಡಗಿವಿಗೆ ಚೆಂಡೆ, ಬಲಗಿವಿಗೆ ಮದ್ದಳೆ ಎಂಬ ಅನುಭವ ಆಟ ನೋಡುವವನಿಗೆ ಆಗುವುದೇ ಇಲ್ಲ. ಅದು ಆಗುವುದು ಭಾಗವತರೊಬ್ಬರಿಗೆ.

ಆದರೆ ಇಲ್ಲೊಂದು ತೊಡಕಿದೆ. ಚೆಂಡೆಯ ಪೆಟ್ಟು ತೀಕ್ಷ್ಣವಾದುದು, ದೂರಕ್ಕೆ ಕೇಳಲೆಂದೇ ಇರುವುದು. ಮದ್ದಳೆಯ ನಾದ ಮೃದು. ಅದರ ಬೆರಳಾಟದ ಸೂಕ್ಷ್ಮಗಳು ಹತ್ತಿರದಲ್ಲಿ ಮಾತ್ರ ತಿಳಿಯುತ್ತವೆ. ಒಂದೇ ಚಾನೆಲ್‌ನಲ್ಲಿ ಇವೆರಡನ್ನೂ ಭಾಗವತಿಕೆಯನ್ನೂ ಸೇರಿಸಿದಾಗ ಚೆಂಡೆ ಮೇಲೆದ್ದ ಕ್ಷಣದಲ್ಲಿ ಪದದ ಸಾಹಿತ್ಯ ಮುಳುಗುತ್ತದೆ, ಮದ್ದಳೆ ಪೂರ್ತಿಯಾಗಿ ಕಾಣೆಯಾಗುತ್ತದೆ. ಚೆಂಡೆಯನ್ನು ತಗ್ಗಿಸಿದರೆ ವೀರರಸದ ಪ್ರಸಂಗಕ್ಕೆ ಕಾವೇ ಇರುವುದಿಲ್ಲ. ಸ್ಟೀರಿಯೊದಲ್ಲಿ ಚೆಂಡೆಯನ್ನು ತುಸು ಪಕ್ಕಕ್ಕೆ ಸರಿಸಿ, ಅದರ ಬಿರುಸನ್ನು ಉಳಿಸಿಕೊಂಡೇ ಹಾಡನ್ನು ನಡುವೆ ಕೇಳಿಸಬಹುದು. ಹೀಗೆ ಭಾಗವತನ ಹಿತಕ್ಕೆ ಮೊನೊ ಸಾಕು, ಮದ್ದಳೆಗಾರನ ಹಿತಕ್ಕೆ ಸ್ಟೀರಿಯೊ ಬೇಕು ಎನ್ನುವಂಥ ಸ್ಥಿತಿಯಿದೆ. ಹಿರಿಯಡ್ಕ ಗೋಪಾಲ ರಾವ್ (1919–2020) ಅವರಂಥ ಮದ್ದಳೆಗಾರರ ಕೈಚಳಕವನ್ನು ಮುಂದಿನವರು ಧ್ವನಿಮುದ್ರಣದಿಂದ ಕಲಿಯಬೇಕೆಂದರೆ ಮದ್ದಳೆಗೆ ಪ್ರತ್ಯೇಕವಾದ ಸ್ಥಾನ ಬೇಕೇ ಬೇಕು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಬಳಸಿದಾಗ ಸಮತೋಲದ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಯಿತು; ತಂತಿಯ ನಾದ ಚೆಂಡೆಯೆದುರು ನಿಲ್ಲುವುದು ಸುಲಭವಲ್ಲ.

ಧ್ವನಿಸುರುಳಿಗಳ ಕಾಲದಲ್ಲಿ ಯಕ್ಷಗಾನದ ಮುದ್ರಣ ಎರಡು ದಾರಿಗಳಲ್ಲಿ ನಡೆಯಿತು. ಮೊದಲನೆಯದು ಸ್ಟುಡಿಯೊ ಮುದ್ರಣ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಒಂದು ಅಥವಾ ಒಂದೂವರೆ ಗಂಟೆಗೆ ಇಳಿಸಿ, ಹಾಡು ಮತ್ತು ಅರ್ಥವನ್ನು ಆಯ್ದು ಮಾರಾಟಕ್ಕೆ ತರಲಾಗುತ್ತಿತ್ತು. ಎರಡನೆಯದು ಬಯಲಾಟದ ಮುದ್ರಣ. ಮುಂಬಯಿಯಿಂದಲೂ ಕೊಲ್ಲಿ ರಾಷ್ಟ್ರಗಳಿಂದಲೂ ಊರಿಗೆ ಬರುವವರು ತಂದ ಟೂ-ಇನ್-ಒನ್ ಯಂತ್ರಗಳು 1980ರ ದಶಕದಲ್ಲಿ ಕರಾವಳಿಯ ಮನೆಮನೆಗಳಿಗೆ ಬಂದವು. ಅಭಿಮಾನಿಗಳು ಅವನ್ನು ಆಟದ ಬಯಲಿಗೆ ಒಯ್ದು ರಂಗಸ್ಥಳದ ಅಂಚಿನಲ್ಲಿಟ್ಟು ಅಥವಾ ಧ್ವನಿವರ್ಧಕದ ಯಂತ್ರಕ್ಕೆ ತಂತಿ ಜೋಡಿಸಿ ಮುದ್ರಿಸಿಕೊಳ್ಳುತ್ತಿದ್ದರು. ಈ ಎರಡನೆಯ ಬಗೆಯ ಮುದ್ರಣಗಳಲ್ಲಿ ಮಿಶ್ರಣವೆಂಬುದೇ ಇಲ್ಲ. ಯಂತ್ರ ಎಲ್ಲಿತ್ತು ಎಂಬುದೇ ಮಿಶ್ರಣ. ಆ ಅರ್ಥದಲ್ಲಿ ಇವು ಕಹಳೆಯ ಕಾಲಕ್ಕೆ ಮರಳಿದ ಮುದ್ರಣಗಳು.

ಸಾಲಿಗ್ರಾಮ ಮೇಳದ ಭಾಗವತರಾಗಿ ಅಪಾರ ಜನಪ್ರಿಯತೆ ಗಳಿಸಿ, ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ (1958–1990) ಕಂಠ ಇಂದಿನ ಕೇಳುಗರಿಗೆ ಲಭ್ಯವಿರುವುದು ಧ್ವನಿಸುರುಳಿಗಳ ಕಾಲದ ಮುದ್ರಣಗಳಿಂದ. ಪ್ರೇಕ್ಷಕರ ಸದ್ದು, ಗೆಜ್ಜೆಯ ದನಿ, ಮೈಕಿನ ಕಿರುಚಾಟಗಳೂ ಸೇರಿದ ಬಯಲಾಟದ ಮುದ್ರಣಗಳನ್ನು ಅಭಿಮಾನಿಗಳು ಸ್ಟುಡಿಯೊ ಮುದ್ರಣಕ್ಕಿಂತ ಹೆಚ್ಚು ಪ್ರೀತಿಯಿಂದ ಕೇಳುವುದುಂಟು. ಯಕ್ಷಗಾನದ ಭಾಗವತಿಕೆ ವೇಷಧಾರಿಯ ಕುಣಿತಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟುವಂಥದು. ಕುಣಿಯುವವನಿಲ್ಲದ ಸ್ಟುಡಿಯೊದಲ್ಲಿ ಅದರ ಹುರುಪು ಅರ್ಧವಾಗುತ್ತದೆ. ತಾಂತ್ರಿಕವಾಗಿ ಕಳಪೆಯಾದ ಮೊನೊ ಮುದ್ರಣ ಕಲೆಯ ದೃಷ್ಟಿಯಿಂದ ಮೇಲಾಗಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ತಾಳಮದ್ದಳೆ

ವೇಷ ಮತ್ತು ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಎರಡು ಸಾಲುಗಳಲ್ಲಿ ಎದುರುಬದುರಾಗಿ ಕುಳಿತು ವಾದಿಸುತ್ತಾರೆ. ಹೀಗಾಗಿ ಸ್ಟೀರಿಯೊಗೆ ಹೇಳಿಮಾಡಿಸಿದಂತಿರುವ ಕಲೆ ಇದು: ಕೃಷ್ಣನ ಮಾತು ಒಂದು ಕಡೆಯಿಂದ, ಕೌರವನ ಉತ್ತರ ಇನ್ನೊಂದು ಕಡೆಯಿಂದ. ಆದರೂ ಶೇಣಿ ಗೋಪಾಲಕೃಷ್ಣ ಭಟ್ (1918–2006), ಮಲ್ಪೆ ರಾಮದಾಸ ಸಾಮಗ ಮೊದಲಾದವರ ಮಾತುಗಾರಿಕೆಯನ್ನು ಮೊನೊದಲ್ಲಿ ಕೇಳಿದ ರಸಿಕರಿಗೆ ಕೊರತೆಯೇನೂ ಕಾಣಲಿಲ್ಲ. ಇಬ್ಬರ ದನಿ, ಓಟ, ನಿಲುಗಡೆಗಳು ಅಷ್ಟು ಭಿನ್ನವಾಗಿರುವಾಗ ದಿಕ್ಕಿನ ನೆರವು ಬೇಕಾಗುವುದಿಲ್ಲ. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ತಡೆದು ಪ್ರಶ್ನೆ ಹಾಕುವ ಸಂದರ್ಭಗಳಲ್ಲಿ ಮಾತ್ರ ಎರಡು ಚಾನೆಲ್‌ಗಳ ಪ್ರಯೋಜನ ಗೊತ್ತಾಗುತ್ತದೆ.

ಪಾಡ್ದನ ಮತ್ತು ಕೋಲ

ಗದ್ದೆಯಲ್ಲಿ ನಾಟಿ ಮಾಡುವಾಗ ಒಬ್ಬಾಕೆ ಹೇಳಿಕೊಡುವ, ಉಳಿದವರು ಸೊಲ್ಲು ಎತ್ತುವ ತುಳು ಓಬೇಲೆಗಳಲ್ಲಿ ಧ್ವನಿಗೆ ವಿಸ್ತಾರವಿದೆ. ಒಂದು ಮೈಕಿನಲ್ಲಿ ಮುದ್ರಿಸಿದರೆ ಹೇಳಿಕೊಡುವವಳ ದನಿ ಸಿಗುತ್ತದೆ, ಗದ್ದೆ ಸಿಗುವುದಿಲ್ಲ. ಕಾಪುವಿನ ಪಿಲಿಕೋಲದಂತೆ ಪಾತ್ರಧಾರಿ ಜನರ ನಡುವೆ ಓಡಾಡುವ ಆಚರಣೆಗಳಲ್ಲಿ ಧ್ವನಿಯ ಚಲನೆಯೇ ಒಂದು ಮಾಹಿತಿ. ಅಧ್ಯಯನಕ್ಕಾಗಿ ಮಾಡುವ ಮುದ್ರಣದಲ್ಲಿ ಅದು ಉಳಿಯಬೇಕು. ಒಬ್ಬರೇ ಕುಳಿತು ನಿರೂಪಿಸುವ ಪಾಡ್ದನಕ್ಕೆ ಮಾತ್ರ ಮೊನೊ ಧಾರಾಳವಾಗಿ ಸಾಲುತ್ತದೆ.

ಕೃತಕ ಸ್ಟೀರಿಯೊ

ಸ್ಟೀರಿಯೊ ಎಂಬ ಹೆಸರಿಗೆ ಬೆಲೆ ಬಂದ ಮೇಲೆ ಹಳೆಯ ಮೊನೊ ಮುದ್ರಣಗಳನ್ನು ಸ್ಟೀರಿಯೊದಂತೆ ತೋರಿಸುವ ಉಪಾಯಗಳು ಹುಟ್ಟಿದವು. ಅಮೆರಿಕದ ಕ್ಯಾಪಿಟಲ್ ಸಂಸ್ಥೆ 1960ರ ದಶಕದಲ್ಲಿ 'ಡ್ಯುವೊಫೋನಿಕ್' ಎಂಬ ಹೆಸರಿನಲ್ಲಿ ಇಂಥ ತಟ್ಟೆಗಳನ್ನು ಮಾರಿತು. ಮಂದ್ರವನ್ನು ಒಂದು ಕಡೆಗೂ ತಾರವನ್ನು ಇನ್ನೊಂದು ಕಡೆಗೂ ಹೆಚ್ಚಿಸುವುದು, ಒಂದು ಚಾನೆಲನ್ನು ಕ್ಷಣದ ಅಲ್ಪಭಾಗದಷ್ಟು ತಡಮಾಡುವುದು, ಕೃತಕ ಮಾರ್ದನಿ ಸೇರಿಸುವುದು ಇವು ಸಾಮಾನ್ಯ ವಿಧಾನಗಳು. ಹಳೆಯ ಕನ್ನಡ ಚಿತ್ರಗೀತೆಗಳಿಗೆ ಹೊಸದಾಗಿ ತಾಳವಾದ್ಯಗಳನ್ನು ಬೆರೆಸಿ ಮರುಬಿಡುಗಡೆ ಮಾಡುವುದು ಇನ್ನೊಂದು ಬಗೆ. ಇವು ಯಾವುವೂ ಸಂಗೀತ ನಿರ್ದೇಶಕರು ಒಪ್ಪಿದ ಮಿಶ್ರಣಗಳಲ್ಲ. ಹೀಗೆ ತಡಮಾಡಿದ ಎರಡು ಚಾನೆಲ್‌ಗಳನ್ನು ಮತ್ತೆ ಒಂದುಗೂಡಿಸಿದರೆ ಕೆಲವು ಸ್ವರಗಳು ಪರಸ್ಪರ ರದ್ದಾಗಿ ಕಂಠವು ಡಬ್ಬಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಈಚೆಗೆ ಗಣಕಯಂತ್ರದ ನೆರವಿನಿಂದ ಒಂದೇ ಚಾನೆಲ್‌ನೊಳಗಿನ ಕಂಠ ಮತ್ತು ವಾದ್ಯಗಳನ್ನು ಬೇರ್ಪಡಿಸಿ ಹೊಸ ಮಿಶ್ರಣ ಮಾಡುವುದು ಸಾಧ್ಯವಾಗಿದೆ. ಫಲಿತಾಂಶ ಹಿಂದಿನದಕ್ಕಿಂತ ಉತ್ತಮವಾದರೂ ಮೂಲಪ್ರತಿಯ ಸ್ಥಾನವನ್ನು ಇದು ಪಡೆಯಲಾರದು.

ಮುದ್ರಣ ವಿಧಾನದ ಎಚ್ಚರಗಳು

ಎರಡು ಮೈಕುಗಳನ್ನು ದೂರದೂರ ಇಟ್ಟು ಹಿಮ್ಮೇಳವನ್ನು ಮುದ್ರಿಸಿದಾಗ ಸ್ಟೀರಿಯೊದಲ್ಲಿ ಸೊಗಸಾದ ವಿಸ್ತಾರ ದೊರೆಯುತ್ತದೆ. ಆದರೆ ಭಾಗವತರಿಂದ ಒಂದು ಮೈಕಿಗಿರುವ ದೂರ ಇನ್ನೊಂದಕ್ಕಿಂತ ಸುಮಾರು 34 ಸೆಂಟಿಮೀಟರ್ ಹೆಚ್ಚಾಗಿದ್ದರೆ ಧ್ವನಿ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆ ಎರಡನ್ನು ಒಂದೇ ಚಾನೆಲ್‌ಗೆ ಸೇರಿಸಿದಾಗ 500 ಹರ್ಟ್ಸ್‌ನ ಸುತ್ತಲಿನ ಧ್ವನಿ ಕುಗ್ಗುತ್ತದೆ. ಇದು ಏರುಶ್ರುತಿಯಲ್ಲಿ ಹಾಡುವ ಭಾಗವತರ ಕಂಠದ ವ್ಯಾಪ್ತಿಯೊಳಗೇ ಬರುತ್ತದೆ. ಬ್ಲಮ್‌ಲೀನ್ ಸೂಚಿಸಿದಂತೆ ಎರಡು ಮೈಕುಗಳನ್ನು ಒಂದೇ ಬಿಂದುವಿನಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿಟ್ಟರೆ ಈ ತೊಂದರೆಯಿಲ್ಲ. ಆಟದ ನೇರ ಮುದ್ರಣ ಮಾಡುವವರಿಗೆ ಇದು ಕಡಿಮೆ ಖರ್ಚಿನ, ಭರವಸೆಯ ವಿಧಾನ.

ಸಂರಕ್ಷಣೆ

ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಕು. ಶಿ. ಹರಿದಾಸ ಭಟ್ಟರ ಮುಂದಾಳುತನದಿಂದ ಫೋರ್ಡ್ ಪ್ರತಿಷ್ಠಾನದ ನೆರವಿನೊಂದಿಗೆ ಬೆಳೆದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕರಾವಳಿಯ ಕಲೆಗಳ ಧ್ವನಿ ಹಾಗೂ ದೃಶ್ಯ ಮುದ್ರಣಗಳನ್ನು ಸಂಗ್ರಹಿಸಿದ ಪ್ರಮುಖ ಸಂಸ್ಥೆ. ಇಂಥ ಸಂಸ್ಥೆಗಳ ಹೊರಗೆ ಖಾಸಗಿ ಮನೆಗಳಲ್ಲಿರುವ ಕ್ಯಾಸೆಟ್ಟುಗಳ ಸ್ಥಿತಿ ಚಿಂತಾಜನಕವಾದುದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ತೇವದಿಂದ ಪಟ್ಟಿಗೆ ಬೂಸರು ಹಿಡಿಯುತ್ತದೆ. ಅವನ್ನು ಡಿಜಿಟಲ್ ರೂಪಕ್ಕೆ ತರುವಾಗ ಮೊನೊ ಮತ್ತು ಸ್ಟೀರಿಯೊದ ತಿಳಿವಳಿಕೆ ಪ್ರಾಯೋಗಿಕವಾಗಿ ಬೇಕಾಗುತ್ತದೆ.

ಮೊನೊ ಕ್ಯಾಸೆಟ್ಟನ್ನು ಸ್ಟೀರಿಯೊ ಯಂತ್ರದಲ್ಲಿ ಓದಿಸಿದಾಗ ಒಂದೇ ಧ್ವನಿಯ ಎರಡು ಪ್ರತಿಗಳು ದೊರೆಯುತ್ತವೆ. ಅವನ್ನು ಕೂಡಿಸಿದರೆ ಹಿನ್ನೆಲೆಯ ಸುಯ್ಯೆಂಬ ಸದ್ದು ತುಸು ಕಡಿಮೆಯಾಗುತ್ತದೆ. ಆದರೆ ಹೆಡ್ಡಿನ ಓರೆ ಸರಿಯಿಲ್ಲದಿದ್ದರೆ ಕೂಡಿಸುವುದರಿಂದ ಹಾನಿಯೇ ಹೆಚ್ಚು. ಕ್ಯಾಸೆಟ್ಟಿನ ವೇಗದಲ್ಲಿ ಹತ್ತು ಕಿಲೋಹರ್ಟ್ಸ್ ಧ್ವನಿಯ ಒಂದು ತರಂಗ ಪಟ್ಟಿಯ ಮೇಲೆ ಆಕ್ರಮಿಸುವ ಜಾಗ ಮಿಲಿಮೀಟರಿನ ಸಾವಿರದ ಐದು ಭಾಗಕ್ಕಿಂತಲೂ ಕಡಿಮೆ. ಎರಡು ಚಾನೆಲ್‌ಗಳ ನಡುವೆ ಅದರ ಅರ್ಧದಷ್ಟು ಸರಿತವಾದರೂ ಆ ಧ್ವನಿ ಅಳಿಸಿಹೋಗುತ್ತದೆ. ತಾಳದ ಕಿಂಕಿಣಿಯೂ ಚೆಂಡೆಯ ಮೊನಚೂ ಮೊದಲು ಮಾಯವಾಗುತ್ತವೆ. ಆದುದರಿಂದ ಪ್ರತಿಯೊಂದು ಕ್ಯಾಸೆಟ್ಟಿಗೂ ಹೆಡ್ಡಿನ ಓರೆಯನ್ನು ಹೊಂದಿಸಿ, ಎರಡೂ ಚಾನೆಲ್‌ಗಳನ್ನು ಕೂಡಿಸದೆ ಹಾಗೆಯೇ ಉಳಿಸಿಕೊಳ್ಳುವುದು ಕ್ಷೇಮ. ಮೊನೊ ಗ್ರಾಮಫೋನ್ ತಟ್ಟೆಗಳನ್ನೂ ಸ್ಟೀರಿಯೊ ಸೂಜಿಯಿಂದಲೇ ಓದಿಸಿದರೆ ಗೀರಿನ ಎರಡು ಗೋಡೆಗಳಲ್ಲಿ ಕಡಿಮೆ ಸವೆದುದನ್ನು ಆಮೇಲೆ ಆರಿಸಿಕೊಳ್ಳಬಹುದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನ ಸಂಕುಚಿಸದ ಕಡತಗಳನ್ನು ಶಿಫಾರಸು ಮಾಡುತ್ತದೆ. 96 ಕಿಲೋಹರ್ಟ್ಸ್ ಇನ್ನೂ ಉತ್ತಮ. ಎಂಪಿ3 ರೂಪದಲ್ಲಿ ಮಾತ್ರ ಉಳಿಸಿ ಮೂಲ ಕ್ಯಾಸೆಟ್ಟನ್ನು ಎಸೆಯುವುದು ಸರಿಪಡಿಸಲಾಗದ ನಷ್ಟ.

ಇಂದಿನ ಸ್ಥಿತಿ

ಈಗಿನ ಮುದ್ರಣಗಳು ಬಹುತೇಕ ಸ್ಟೀರಿಯೊ ಕಡತಗಳೇ. ಆದರೆ ಅಂತರಜಾಲದಲ್ಲಿ ನೇರಪ್ರಸಾರವಾಗುವ ಆಟಗಳಲ್ಲಿ ಧ್ವನಿವರ್ಧಕದ ಯಂತ್ರದಿಂದ ಬರುವ ಒಂದೇ ಧ್ವನಿಯನ್ನು ಎರಡೂ ಚಾನೆಲ್‌ಗಳಿಗೆ ಹಾಕುವುದು ಸಾಮಾನ್ಯ. ಹೆಸರಿಗೆ ಸ್ಟೀರಿಯೊ, ವಾಸ್ತವದಲ್ಲಿ ಮೊನೊ. ಕೇಳುವ ಕಡೆಯಲ್ಲಿ ಎರಡು ವಿರುದ್ಧ ಪ್ರವೃತ್ತಿಗಳಿವೆ. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್ ಎಡಬಲಗಳ ವ್ಯತ್ಯಾಸವನ್ನು ಹಿಂದೆಂದಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಮೊಬೈಲಿನ ಸ್ಪೀಕರು ಮತ್ತು ಅಂಗೈಯಗಲದ ಬ್ಲೂಟೂತ್ ಪೆಟ್ಟಿಗೆ ಎಲ್ಲವನ್ನೂ ಮತ್ತೆ ಒಂದುಗೂಡಿಸುತ್ತವೆ. ಈ ಕಾರಣದಿಂದ ಸ್ಟೀರಿಯೊದಲ್ಲಿ ಮಿಶ್ರಣ ಮಾಡುವವರೂ ಕೆಲಸ ಮುಗಿಸುವ ಮೊದಲು ಒಮ್ಮೆ ಒಂದೇ ಸ್ಪೀಕರಿನಲ್ಲಿ ಮೊನೊ ಆಗಿ ಕೇಳಿ, ಪದ ತಿಳಿಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವ ರೂಢಿಯನ್ನು ಉಳಿಸಿಕೊಂಡಿದ್ದಾರೆ.